ಮುಟ್ಟಬೇಡಿ ಎಂದವನು ನಾನು

ನಮ್ಮ ಮಾವಿನ ಮಂಡಿಯ ವಾಟ್ಸಾಪ್ ಗುಂಪಿಗೆ ಈಚೆಗೆ ಒಂದು ವಿಡಿಯೋ ಬಂತು. ಯಾವುದೋ ಊರಿನ ರೈಲ್ವೆ ಪ್ಲಾಟ್‌ಫಾರಂ. ಒಬ್ಬ ಬಿದ್ದಿದ್ದಾನೆ, ಇನ್ನೊಬ್ಬ ಅವನ ಎದೆಯ ಮೇಲೆ ಎರಡೂ ಕೈಯಿಟ್ಟು ಒತ್ತುತ್ತಿದ್ದಾನೆ. ಹಿನ್ನೆಲೆಯಲ್ಲಿ ಪಿಟೀಲು. ಸ್ವಲ್ಪ ಹೊತ್ತಿಗೆ ಬಿದ್ದವನು ಕಣ್ಣು ಬಿಡುತ್ತಾನೆ, ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಾರೆ. ಕೊನೆಗೆ, ‘ಇದನ್ನು ಎಲ್ಲರಿಗೂ ಕಳಿಸಿ, ಪುಣ್ಯ ಕಟ್ಟಿಕೊಳ್ಳಿ’ ಎಂಬ ಅಪ್ಪಣೆ. ನೋಡಿ ನ್ಯಾಯವನ್ನು! ಒತ್ತಿದವನಿಗೆ ಬೆವರು, ಕಳಿಸಿದವನಿಗೆ ಪುಣ್ಯ. ನಮ್ಮವರೆಲ್ಲ ಕೈ ಮುಗಿಯುವ ಚಿತ್ರ ಒತ್ತಿ ಪುಣ್ಯ ಕಟ್ಟಿಕೊಂಡರು. ಅಲ್ಲಿಗೆ ಮುಗಿದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಒಬ್ಬ ಬರೆದ: ‘ನಮ್ ಮಂಡಿಗೇನ್ ಭಯ, ಗೋಪಾಲಣ್ಣ ಇದಾರಲ್ಲ. ಟ್ರೈನಿಂಗ್ ಆಗಿರೋರು.’ ಅದರ ಬೆನ್ನಿಗೇ ಸಂಘದ ಕಾರ್ಯದರ್ಶಿ ಬರೆದ: ‘ಇದೇ ಟ್ರೈನಿಂಗ್ ನಮ್ ಮಂಡೀಲೂ ಇಡಿಸ್ತಿದೀವಿ. ಕೋಲಾರದಿಂದ ಬರ್ತಾರೆ. ದೀಪ ಗೋಪಾಲಣ್ಣನೇ ಹಚ್ಬೇಕು.’

ಆ ಗೋಪಾಲಣ್ಣ ನಾನೇ. ಫೋನನ್ನು ಹಾಸಿಗೆಯ ಮೇಲೆ ಎಸೆದೆ.

“ಅದೇನ್ ಮಾಡ್ತು ಪಾಪ?” ಅಂದಳು ನನ್ನ ಹೆಂಡತಿ ಸರೋಜ.

“ದೀಪ ಹಚ್ಬೇಕಂತೆ ನಾನು!”

“ಹಚ್ಚಿ. ಮನೇಲಂತೂ ಒಂದಿನ ಹಚ್ಚಿದ್ದು ಕಾಣೆ.”

ಅವಳಿಗೆ ಅರ್ಥವಾಗಲಿಲ್ಲ. ಅವಳ ತಪ್ಪೇನಿಲ್ಲ, ನಾನು ಅವಳಿಗೂ ಹೇಳಿರಲಿಲ್ಲ. ಈಗ ನಿಮಗೆಲ್ಲ ಹೇಳಲು ಕೂತಿದ್ದೇನೆ. ನೇರವಾಗಿ ಹೇಳಲು ಬರುವುದಿಲ್ಲ, ಸ್ವಲ್ಪ ಸುತ್ತು ಹೊಡೆಯುತ್ತೇನೆ. ಸಹಿಸಿಕೊಳ್ಳಿ.

ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದೆ. ಕಾರ್ಖಾನೆ ಎಂದ ಮೇಲೆ ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕು, ಪೆಟ್ಟಿಗೆ ಎಂದ ಮೇಲೆ ಅದಕ್ಕೊಬ್ಬ ಯಜಮಾನ ಇರಬೇಕು ಎಂದು ಸರ್ಕಾರದ ಕಾನೂನು. ಸೀಸೆಯ ಮೇಲಿನ ಇಂಗ್ಲಿಷ್ ಹೆಸರು ಓದಬಲ್ಲ, ರಕ್ತ ಕಂಡರೆ ತಲೆ ತಿರುಗದ ಮನುಷ್ಯ ನಾನೊಬ್ಬನೇ ಎಂದು ಮ್ಯಾನೇಜರು ನನ್ನನ್ನು ಆರಿಸಿದರು. ಕೋಲಾರಕ್ಕೆ ತರಬೇತಿಗೆ ಕಳಿಸಿದರು. ಒಂದು ಸಲವಲ್ಲ, ಹೆಚ್ಚುಕಡಿಮೆ ಪ್ರತಿ ವರ್ಷ.

ಅಲ್ಲಿ ಒಂದು ರಬ್ಬರಿನ ಬೊಂಬೆ. ಸೊಂಟದಿಂದ ಕೆಳಗೆ ಏನೂ ಇಲ್ಲ. ಬಾಯಿ ಸದಾ ಅರ್ಧ ತೆರೆದು, ಏನೋ ಕೇಳಿ ಉತ್ತರಕ್ಕೆ ಕಾಯುತ್ತಿರುವವನಂತೆ ಮಲಗಿರುತ್ತಿತ್ತು. ನಾವು ಅದಕ್ಕೆ ಮುನಿಯಪ್ಪ ಎಂದು ಹೆಸರಿಟ್ಟಿದ್ದೆವು. ಕಲಿಸಲು ಬರುತ್ತಿದ್ದವಳು ಮುಳಬಾಗಿಲು ಕಡೆಯ ಒಬ್ಬ ನರ್ಸಮ್ಮ. ತೆಲುಗು, ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವಳು. ಯಾರಾದರೂ ಮುನಿಯಪ್ಪನ ಎದೆಯನ್ನು ಮೆಲ್ಲಗೆ ಒತ್ತಿದರೆ ಹಿಂದಿನಿಂದ ಗದರುತ್ತಿದ್ದಳು: “ಅಯ್ಯೋ ನಾಯನಾ, ಅದೇನು ನಿಮ್ಮತ್ತೆ ಕಾಲು ಒತ್ತಾ ಇದೀಯಾ? ಗಟ್ಟಿಯಾಗಿ ಒತ್ತು! ಸತ್ತಿರೋನಿಗೆ ಇನ್ನೇನು ನೋವಾಗ್ತದೆ?” ಅವಳು ತಲೆಗೆ ಬಡಿದು ಕಲಿಸಿದ ಇನ್ನೊಂದು ಸಂಗತಿ ಇದೆ. ಹೃದಯ ನಿಂತ ಮನುಷ್ಯ ಒಮ್ಮೊಮ್ಮೆ ದಡಕ್ಕೆ ಬಿದ್ದ ಮೀನಿನ ಹಾಗೆ ಬಾಯಿ ತೆರೆದು ಗೊರಕ್ ಎನ್ನುತ್ತಾನೆ. ನೋಡಿದವರಿಗೆ ಉಸಿರಾಡುತ್ತಿದ್ದಾನೆ ಅನ್ನಿಸುತ್ತದೆ. ಅದು ಉಸಿರಲ್ಲ. “ಅದನ್ನ ಉಸಿರು ಅಂದ್ಕೊಂಡು ಸುಮ್ನೆ ನಿಂತ್ರೋ, ಅವನನ್ನ ನೀವೇ ಕಳಿಸಿಕೊಟ್ಟಂಗೆ” ಎನ್ನುತ್ತಿದ್ದಳು. ಈ ಮಾತನ್ನು ಗುರುತಿಟ್ಟುಕೊಳ್ಳಿ. ನಾನು ಗುರುತಿಟ್ಟುಕೊಂಡಿದ್ದೆ.

ಒಂದು ವರ್ಷ ನನ್ನ ಜೊತೆ ತರಬೇತಿಗೆ ಬಂದಿದ್ದ ನಮ್ಮ ಕಾರ್ಖಾನೆಯವನೇ ಒಬ್ಬ ಬೊಂಬೆಗೆ ಬಾಯಿಟ್ಟು ಊದಲು ಒಪ್ಪಲಿಲ್ಲ. ಹೆಸರು ಬೇಡ. “ಸಿಸ್ಟರ್, ನಾನು ಬರೀ ಒತ್ತುತೀನಿ, ಊದೋದು ಬೇಡ” ಅಂದ. ನರ್ಸಮ್ಮ ಪ್ರತಿಯೊಬ್ಬರು ಊದಿದ ಮೇಲೂ ಸ್ಪಿರಿಟ್ಟಿನಲ್ಲಿ ಬೊಂಬೆಯ ಬಾಯಿ ಒರೆಸುತ್ತಿದ್ದಳು. ಹಾಗಾಗಿ ಅವನು ಒಪ್ಪದ್ದಕ್ಕೆ ಕಾರಣ ಕೊಳೆಯಲ್ಲ. ಅವನಿಗಿಂತ ಮೊದಲು ಊದಿದವನು ಯಾರ ಮನೆಯವನು ಎಂಬುದು ಕಾರಣ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತು, ಊದಿ ಎದ್ದು ನಿಂತಿದ್ದವನಿಗೂ ಗೊತ್ತು. ನನಗೆ ಉರಿದುಹೋಯಿತು. ಎದ್ದು ನಿಂತು, “ನಾಳೆ ನೀನು ಬಿದ್ದಾಗ ಊದೋಕೆ ಬಂದೋನ ಜಾತಿ ಕೇಳಿಬಿಟ್ಟು ಬಾಯಿ ತೆಗೀತೀಯೇನ್ಲಾ?” ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಲೂರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಗದಿದ್ದರೂ ಸಿಂಹಾಸನದ ಮೇಲೆ ಕೂತವನಂತೆ ಬಂದೆ.

ಮುಟ್ಟದೆ ಇರುವುದಕ್ಕೆ ನಮ್ಮಲ್ಲಿ ಎಂದೂ ಕಾರಣಗಳ ಬರವಿರಲಿಲ್ಲ. ಕೊರೊನಾ ಬಂದು ಕಲಿಸಬೇಕಾದ್ದೇನೂ ಇರಲಿಲ್ಲ.

ನಮ್ಮ ತಾತನ ಮಾತು ಬೇರೆ. ಮಾಸ್ತಿ ಹತ್ತಿರದ ನಮ್ಮ ಹಳ್ಳಿಯಲ್ಲಿ, ನಾನು ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ, ನಮ್ಮ ಕೆಂದ ಹಸು ಕರು ಹಾಕಿತು. ಕರು ಲೋಳೆ ಸುತ್ತಿಕೊಂಡು ಒದ್ದೆ ಬಟ್ಟೆಯ ಗಂಟಿನ ಹಾಗೆ ಬಿದ್ದಿತ್ತು. ಅಲ್ಲಾಡಲಿಲ್ಲ. ಅಜ್ಜಿ ‘ಅಯ್ಯೋ ಹೋಯ್ತು’ ಎಂದಳು. ತಾತ ಬಾಯಲ್ಲಿದ್ದ ಎಲೆಯಡಿಕೆಯನ್ನು ಉಗಿದು, ಕರುವಿನ ಮೂಗಿನ ಲೋಳೆಯನ್ನು ಅಂಗೈಯಲ್ಲಿ ಬಳಿದು ತೆಗೆದು, ಅದೇ ಮೂಗಿಗೆ ತನ್ನ ಬಾಯಿಟ್ಟು ಊದಿದ. ಹುಲ್ಲಿನ ಹಿಡಿಯಿಂದ ಅದರ ಪಕ್ಕೆಯನ್ನು ಪರಪರ ಉಜ್ಜಿದ. ಮತ್ತೆ ಊದಿದ. ಕರು ಸೀನಿತು. ತಾತನ ಮುಖವೆಲ್ಲ ಲೋಳೆ, ಮೀಸೆಯ ತುಂಬ ಲೋಳೆ. ಅವನು ಪಂಚೆಯ ತುದಿಯಲ್ಲಿ ಒರೆಸಿಕೊಂಡು, ಇನ್ನೊಂದು ಎಲೆಗೆ ಸುಣ್ಣ ಹಚ್ಚುತ್ತಾ ಜಗಲಿಗೆ ಹೋದ. ಯಾರೂ ವಿಡಿಯೋ ಮಾಡಲಿಲ್ಲ, ಪಿಟೀಲೂ ಬಾರಿಸಲಿಲ್ಲ. ಆ ಮೀಸೆಯ ವಂಶದಲ್ಲಿ ಹುಟ್ಟಿದವನು ನಾನು ಎಂಬುದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಸರಿ, ಸುತ್ತು ಸಾಕು.

ಕೆಲಸದಿಂದ ನಿವೃತ್ತನಾದ ಮೇಲೆ ಸರೋಜಳ ತವರೂರಾದ ಶ್ರೀನಿವಾಸಪುರಕ್ಕೆ ಬಂದೆವು. ಅವಳ ತಮ್ಮನಿಗೆ ಮಾವಿನ ಮಂಡಿ ಇದೆ. ಮಾವಿನ ಕಾಲದಲ್ಲಿ ಅವನ ಪರವಾಗಿ ವ್ಯಾಪಾರ ಕುದುರಿಸುವುದು ನನ್ನ ಕೆಲಸವಾಯಿತು. ನಮ್ಮ ಮಂಡಿಯಲ್ಲಿ ಹಳೆಯ ಪದ್ಧತಿ. ಕೊಳ್ಳುವವನೂ ಮಾರುವವನೂ ಒಂದು ಟವೆಲಿನ ಕೆಳಗೆ ಕೈಕೈ ಹಿಡಿದುಕೊಳ್ಳುತ್ತಾರೆ. ಬೆರಳು ಹಿಸುಕಿ ಬೆಲೆ ಹೇಳುತ್ತಾರೆ. ಬಾಯಲ್ಲಿ ಮಳೆ, ಬಿಸಿಲು, ಮಗಳ ಮದುವೆ. ಟವೆಲಿನ ಕೆಳಗೆ ವ್ಯಾಪಾರ. ಪಕ್ಕದವನಿಗೆ ಒಂದಿಷ್ಟೂ ತಿಳಿಯುವುದಿಲ್ಲ.

ಕೊರೊನಾ ಬಂದಾಗ ಈ ಪದ್ಧತಿ ನಿಲ್ಲಬೇಕಿತ್ತಲ್ಲವೇ? ಕೈ ಕುಲುಕಬೇಡಿ, ದೂರ ನಿಲ್ಲಿ ಎಂದು ಆಟೋದಲ್ಲಿ ಕೂಗಿಕೊಂಡು ಹೋಗುತ್ತಿದ್ದರು. ನಾವು ಮೊದಲು ಕೈಗೆ ರಬ್ಬರಿನ ಗ್ಲೌಸು ಹಾಕಿ ನೋಡಿದೆವು. ಗ್ಲೌಸಿನಲ್ಲಿ ಯಾವ ಬೆರಳು ಯಾವುದೆಂದು ತಿಳಿಯದೆ ಜಗಳವಾಯಿತು. ಬಿಚ್ಚಿ ಎಸೆದೆವು. ಮೂತಿಗೆ ಮಾಸ್ಕು ಹಾಕಿಕೊಂಡು, ಮುಂಚೆ ಒಂದು ಸಲ ಆಮೇಲೆ ಒಂದು ಸಲ ಸ್ಯಾನಿಟೈಸರ್ ಹಚ್ಚಿಕೊಂಡು, ಟವೆಲಿನ ಕೆಳಗೆ ಬರಿಗೈಯನ್ನೇ ಹಿಡಿದೆವು. ವ್ಯಾಪಾರಕ್ಕಾದರೆ ಮುಟ್ಟಬಹುದು ಎಂದು ರೋಗಕ್ಕೂ ನಮಗೂ ಒಳಗೊಳಗೇ ಒಪ್ಪಂದವಾಗಿತ್ತು.

ಎರಡನೇ ಅಲೆಯ ಬೇಸಿಗೆ. ಚೆಂಗಲರಾಯಪ್ಪ ಎಂಬ ದಲ್ಲಾಳಿ ದೇವರಾಯಸಮುದ್ರದಿಂದ ಬರುತ್ತಿದ್ದ. ಒಳ್ಳೆಯ ಮಾತುಗಾರ, ದಪ್ಪ ಮನುಷ್ಯ. ಆ ದಿನ ಬೆಳಗ್ಗೆ ನನ್ನ ಕೈ ಹಿಡಿದು ಬಾದಾಮಿ ಮಾವಿಗೆ ಬೆಲೆ ಕಟ್ಟುತ್ತಾ, “ಏಮಣ್ಣಾ ಗೋಪಾಲಣ್ಣಾ, ನಿಮ್ ಕೈ ಇಷ್ಟು ಮೆತ್ತಗಿದೆ, ಮನಸ್ಸು ಮಾತ್ರ ಯಾಕಣ್ಣಾ ಕಲ್ಲು?” ಅಂದಿದ್ದ. ನಾನು ನಕ್ಕು ಇನ್ನೊಂದು ಬೆರಳು ಹಿಸುಕಿದ್ದೆ.

ಬಿಸಿಲು ಏರಿದ ಮೇಲೆ ಅವನು ಕ್ರೇಟುಗಳ ನಡುವೆ ದಬಕ್ಕನೆ ಬಿದ್ದ.

ಎಲ್ಲರೂ ಓಡಿ ಬಂದರು. ಬಂದವರು ಒಂದು ಅಳತೆಯ ದೂರದಲ್ಲಿ, ಹಗ್ಗ ಕಟ್ಟಿದ ಹಾಗೆ, ನಿಂತುಬಿಟ್ಟರು. “ಗೋಪಾಲಣ್ಣಾ, ಗೋಪಾಲಣ್ಣನ್ನ ಕರೀರಿ!” ಎಂದು ಯಾರೋ ಕೂಗಿದರು. ಜನ ದಾರಿ ಬಿಟ್ಟರು. ನಾನು ಮುಂದೆ ಹೋದೆ. ಅವನ ಮಾಸ್ಕು ಗದ್ದಕ್ಕೆ ಇಳಿದಿತ್ತು. ಅಷ್ಟರಲ್ಲಿ ಹಿಂದಿನಿಂದ ಒಂದು ದನಿ: “ನಿನ್ನೆಯಿಂದ ಕೆಮ್ತಿದ್ದ ಕಣ್ರೋ.”

ನನ್ನ ಕಾಲು ಅಲ್ಲೇ ನಿಂತಿತು.

ಚೆಂಗಲರಾಯಪ್ಪನ ಬಾಯಿ ತೆರೆಯಿತು. ಗೊರಕ್ ಎಂದಿತು. ಎದೆ ಏಳಲಿಲ್ಲ. ಸ್ವಲ್ಪ ಬಿಟ್ಟು ಮತ್ತೊಮ್ಮೆ ಗೊರಕ್. ಅದೇನೆಂದು ಆ ಇಡೀ ಮಂಡಿಯಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ಇನ್ನೂ ಒಂದು ಗೊತ್ತಿತ್ತು. ಈ ರೋಗದ ಕಾಲದಲ್ಲಿ ಊದುವುದು ಬೇಡ, ಬಿದ್ದವನ ಮುಖದ ಮೇಲೊಂದು ಬಟ್ಟೆ ಹಾಕಿ ಎದೆಯನ್ನಷ್ಟೇ ಒತ್ತಿ ಎಂದು ತರಬೇತಿಯಾದ ನಮಗೆಲ್ಲ ತಿಳಿಸಿದ್ದರು. ಬಟ್ಟೆ ನನ್ನ ಹೆಗಲ ಮೇಲೆಯೇ ಇತ್ತು.

ಆಗ ನಾರಾಯಣಸ್ವಾಮಿ ಜನರನ್ನು ತಳ್ಳಿಕೊಂಡು ಬಂದ. ಅವನೂ ದಲ್ಲಾಳಿಯೇ. ಚೆಂಗಲರಾಯಪ್ಪನಿಗೂ ಅವನಿಗೂ ಆಗುತ್ತಿರಲಿಲ್ಲ. ಒಬ್ಬ ನಿಂತ ಕಡೆ ಇನ್ನೊಬ್ಬ ನಿಲ್ಲುತ್ತಿರಲಿಲ್ಲ. ಅಂಥವನು ಬಂದು, “ಎದೆ ಒತ್ಬೇಕಲ್ವೇನಣ್ಣಾ? ಟಿವೀಲಿ ನೋಡಿದೀನಿ. ನಾನ್ ಒತ್ತಲಾ?” ಎಂದು ಬಗ್ಗಿಯೇಬಿಟ್ಟ.

ನಾನು ಅವನ ತೋಳು ಹಿಡಿದು ಎಳೆದೆ. “ಮುಟ್ಟಬೇಡ! ಉಸಿರಾಡ್ತಿದಾನೆ, ಕಾಣಿಸ್ತಿಲ್ವಾ? ಗೊತ್ತಿಲ್ದೆ ಒತ್ತಿದ್ರೆ ಪಕ್ಕೆಲುಬು ಮುರಿದು ಸತ್ತೇಹೋಗ್ತಾನೆ. ಯಾರೂ ಮುಟ್ಟಬೇಡಿ, ಗಾಳಿ ಬಿಡಿ!”

ಅಲ್ಲಿಂದ ಮುಂದೆ ನನ್ನಷ್ಟು ಚುರುಕಾದ ಮನುಷ್ಯ ಆ ಮಂಡಿಯಲ್ಲಿ ಇರಲಿಲ್ಲ. ಒಬ್ಬನಿಗೆ ಆಂಬುಲೆನ್ಸಿಗೆ ಫೋನ್ ಮಾಡು ಎಂದೆ, ಇನ್ನೊಬ್ಬನಿಗೆ ಗೇಟು ತೆಗೆ ಎಂದೆ, ಮತ್ತೊಬ್ಬನಿಂದ ರಟ್ಟಿನಲ್ಲಿ ಗಾಳಿ ಬೀಸಿಸಿದೆ. ಅದೂ ದೂರದಿಂದ. ಎಲ್ಲರೂ ನನ್ನ ಮಾತಿನಂತೆ ನಡೆದರು. ಆಂಬುಲೆನ್ಸು ಬರುವ ಹೊತ್ತಿಗೆ ಚೆಂಗಲರಾಯಪ್ಪನ ಬಾಯಿ ತೆರೆದುಕೊಂಡೇ ನಿಂತಿತ್ತು.

ಇದನ್ನು ಓದುತ್ತಿರುವ ನೀವು ಈಗ ಒಂದು ಪ್ರಶ್ನೆ ಕೇಳುತ್ತೀರಿ. ಎಲ್ಲರೂ ಕೇಳಿದ್ದಾರೆ. ‘ಅವನಿಗೆ ಪಾಸಿಟಿವ್ ಇತ್ತಾ?’ ನನಗೆ ಮೈ ಉರಿಯುವುದು ಈ ಪ್ರಶ್ನೆ ಕೇಳಿದಾಗ. ಇತ್ತು ಅಂದರೆ ನಾನು ಜಾಣ, ಇರಲಿಲ್ಲ ಅಂದರೆ ಪಾಪಿ, ಅಲ್ಲವೇ? ನಾನು ಆ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ. ಅದೇ ಕೈಯನ್ನು ಬೆಳಗ್ಗೆ ಹಿಡಿದು ವ್ಯಾಪಾರ ಮುಗಿಸಿದ್ದವನು ನಾನು. ಬರುವ ರೋಗವಾಗಿದ್ದರೆ ಆಗಲೇ ಬಂದಿರಬೇಕಿತ್ತು. ಮನೆಯಲ್ಲಿ ಸರೋಜಳಿಗೆ ಉಬ್ಬಸ ಇದೆ, ಅವಳಿಗಾಗಿ ಹಿಂಜರಿದೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಉಬ್ಬಸದ ಹೆಂಡತಿಯನ್ನು ಟವೆಲಿನ ಕೆಳಗೆ ನೆನೆಯದವನು ಕ್ರೇಟಿನ ಮುಂದೆ ನೆನೆದನಂತೆ!

ಹೆದರಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಆ ಬೇಸಿಗೆಯಲ್ಲಿ ಹೆದರದವನು ಯಾರು? ‘ನನಗೆ ಹೆದರಿಕೆ, ನಾರಾಯಣಸ್ವಾಮೀ ನೀನು ಒತ್ತು, ಹೇಗೆಂದು ನಾನು ಹೇಳುತ್ತೇನೆ’ ಎಂದಿದ್ದರೆ ಸಾಕಿತ್ತು. ಅಷ್ಟು ಹೇಳಲು ನನ್ನ ಮರ್ಯಾದೆ ಬಿಡಲಿಲ್ಲ. ಹೆದರಿಕೆಗೆ ತರಬೇತಿಯ ಅಂಗಿ ತೊಡಿಸಿ ಮೆರೆಸಿದೆ. ಏನೂ ಕಲಿಯದವನು ಹಿಂದೆ ಸರಿದರೆ ಒಬ್ಬ ಸರಿಯುತ್ತಾನೆ. ಕಲಿತವನು ನಾನು, ಒಂದು ಮಂಡಿಯನ್ನೇ ಹಿಂದೆ ಸರಿಸಿದೆ.

ಅದಕ್ಕೆ ಸಿಕ್ಕ ಬಹುಮಾನ ಕೇಳಿ. ಸಾವಿಗೆ ಮಾತಾಡಿಸಲು ದೇವರಾಯಸಮುದ್ರಕ್ಕೆ ಹೋದಾಗ ಅವನ ಹೆಂಡತಿ ಯಶೋದಮ್ಮ ಮಜ್ಜಿಗೆ ಕೊಟ್ಟು, “ನೀವು ಪಕ್ಕದಲ್ಲಿದ್ರಲ್ಲ, ಗೊತ್ತಿರೋರು. ಅದೊಂದೇ ಸಮಾಧಾನ ಅಣ್ಣಾ” ಎಂದಳು. ಮಜ್ಜಿಗೆ ಕುಡಿದು ಬಂದೆ. ಮಂಡಿಯ ಸಂಘದವರು ಕೊರೊನಾ ಕಾಲದಲ್ಲಿ ಧೈರ್ಯ ತೋರಿದವನು ಎಂದು ಶಾಲು ಹೊದಿಸಿದರು. ಹೊದ್ದುಕೊಂಡೆ. ನಾರಾಯಣಸ್ವಾಮಿ ಬಂದು ಕೈ ಹಿಡಿದು, “ನೀವು ತಡೆದ್ರಿ ಅಣ್ಣಾ. ಇಲ್ಲಾಂದಿದ್ರೆ ಜಗಳದ ಸಿಟ್ಟಲ್ಲಿ ಇವ್ನೇ ಸಾಯಿಸಿದ ಅಂತಿದ್ರು ಜನ” ಅಂದ. ಕೈ ಬಿಡಿಸಿಕೊಳ್ಳದೆ ತಲೆಯಾಡಿಸಿದೆ.

ಅದಾದ ಮೇಲೆ ಇನ್ನೊಂದು ನಡೆಯಿತು. ಕಳೆದ ಮಾವಿನ ಕಾಲದಲ್ಲಿ ಮಂಡಿಯ ಗೇಟಿನ ಹೊರಗೆ, ಟೀ ಅಂಗಡಿಯ ಮುಂದೆ, ಒಬ್ಬ ಲಾರಿ ಡ್ರೈವರು ಕುಸಿದ. ನಾನು ಆ ದಿನ ಊರಲ್ಲಿರಲಿಲ್ಲ. ನಾರಾಯಣಸ್ವಾಮಿ ಪಕ್ಕದಲ್ಲೇ ಇದ್ದ. ಡ್ರೈವರನ್ನು ಯಾರೋ ಆಟೋಗೆ ಹಾಕಿಕೊಂಡು ಹೋದರು, ಅವನ ಅದೃಷ್ಟಕ್ಕೆ ಬದುಕಿದ. ಮರುದಿನ ನಾರಾಯಣಸ್ವಾಮಿ ನನಗೆ ಒಳ್ಳೆಯ ಸುದ್ದಿ ಹೇಳುವವನಂತೆ ಹೇಳಿದ: “ನಾನ್ ಮುಟ್ಲಿಲ್ಲ ಅಣ್ಣಾ. ಕೈ ಹಿಂದಕ್ಕೆ ಕಟ್ಕೊಂಡ್ ನಿಂತಿದ್ದೆ. ನೀವ್ ಅವತ್ತು ಹೇಳಿದ್ದು ನೆನಪಿತ್ತು.”

ವೈರಿಯ ಎದೆಯ ಮೇಲೆ ಕೈಯಿಡಲು ಓಡಿ ಬಂದ ಮನುಷ್ಯ ಅವನು. ರೋಗದ ಭಯ ಊರನ್ನೇ ಕಟ್ಟಿಹಾಕಿದ್ದಾಗ ಮುಂದೆ ಬಂದದ್ದು ಅವನ ಎರಡು ಕೈ ಮಾತ್ರ. ಅವನ್ನು ನಾನು ಅವನ ಬೆನ್ನ ಹಿಂದೆ ಕಟ್ಟಿಬಿಟ್ಟಿದ್ದೆ.

ಆ ವಿಡಿಯೋ ಬಂದ ದಿನ, ತರಬೇತಿಗೆ ಯಾರು ಯಾರು ಬರುತ್ತೀರಿ ಎಂದು ಕಾರ್ಯದರ್ಶಿ ಕೇಳಿದ್ದಕ್ಕೆ ನಾರಾಯಣಸ್ವಾಮಿ ಗುಂಪಿನಲ್ಲಿ ಬರೆದಿದ್ದ: ‘ನಾನ್ ಬರಲ್ಲ. ನಮ್ ಕೈ ಮಾವಿನಕಾಯಿಗೆ ಸರಿ, ಮನುಷ್ಯರಿಗೆ ಸರಿಯಿಲ್ಲ.’ ಅದರ ಕೆಳಗೆ ನಗುವ ಮುಖಗಳು. ನಾನು ಫೋನ್ ಎಸೆದದ್ದು ದೀಪಕ್ಕಾಗಿ ಎಂದು ಸರೋಜ ತಿಳಿದಳು. ಎಸೆದದ್ದು ಇದಕ್ಕಾಗಿ.

ಅವಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. “ನನ್ನ ಉಬ್ಬಸ ಯಾಕ್ರೀ ತಂದ್ರಿ ಅದರ ಮಧ್ಯೆ?” ಎಂದಳು. ಅಷ್ಟೇ ಕೇಳಿದ್ದು. ಮಾರನೆಯ ದಿನ ನಾನು ಹೊರಟಾಗ ಎಲ್ಲಿಗೆಂದು ಕೇಳಲಿಲ್ಲ.

ಸಂಜೆಗೆ ಮಂಡಿಗೆ ಬಂದೆ. ವ್ಯಾಪಾರ ಮುಗಿದಿತ್ತು. ನಾರಾಯಣಸ್ವಾಮಿ ಒಬ್ಬನೇ ಖಾಲಿ ಕ್ರೇಟಿನ ಮೇಲೆ ಕೂತು ಟೀ ಕುಡಿಯುತ್ತಿದ್ದ.

“ಬನ್ನಿ ಅಣ್ಣೋ, ದೀಪದ ಗೋಪಾಲಣ್ಣಾ! ಶಾಲು ಅದೇನಾ, ಹೊಸದು ಹೊದಿಸ್ತಾರಾ?”

“ನಾರಾಯಣಸ್ವಾಮೀ, ಅವನು ಉಸಿರಾಡ್ತಿರಲಿಲ್ಲ.”

“ಯಾರು?”

“ಚೆಂಗಲರಾಯಪ್ಪ. ಅವತ್ತು. ಅದು ಉಸಿರಲ್ಲ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೇ ಸುಳ್ಳು ಹೇಳಿದೆ. ಪಕ್ಕೆಲುಬು ಮುರಿದ್ರೂ ಒತ್ತಬೇಕಿತ್ತು. ನೀನು ಮಾಡೋಕೆ ಹೋಗಿದ್ದೇ ಸರಿ.”

ಅವನು ಟೀ ಲೋಟವನ್ನು ನೆಲದ ಮೇಲಿಟ್ಟ.

“ಮತ್ಯಾಕ್ ತಡೆದೆ?” ‘ಅಣ್ಣಾ’ ಹೋಗಿತ್ತು, ಬಹುವಚನವೂ ಹೋಗಿತ್ತು.

“ಹೆದರಿದ್ದೆ.”

“ನೀನ್ ಹೆದರಿದ್ರೆ ನೀನ್ ದೂರ ನಿಲ್ಲಯ್ಯಾ! ನನ್ನ ಯಾಕ್ ಎಳೆದೆ?”

“ನೀನು ಒತ್ತಿದ್ರೆ, ನಾನ್ ಯಾಕ್ ಒತ್ತಲಿಲ್ಲ ಅಂತ ಎಲ್ಲಾರಿಗೂ ಗೊತ್ತಾಗ್ತಿತ್ತು.”

ಅವನು ಎದ್ದ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವನು ನನ್ನ ಸುತ್ತ ಒಂದು ಸಲ ತಿರುಗಿ ಬಂದು ಕೇಳಿದ:

“ಒತ್ತಿದ್ದಿದ್ರೆ ಬದುಕ್ತಿದ್ನಾ?”

“ಗೊತ್ತಿಲ್ಲ. ಬದುಕೋಕೆ ಒಂದು ದಾರಿ ಅಂತೂ ಇರ್ತಿತ್ತು.”

“ಅವನ ಹತ್ರ ಮಾತು ಬಿಟ್ಟು ಎಷ್ಟೋ ವರ್ಷ ಆಗಿತ್ತು ನಾನು. ಬದುಕಿದ್ದಿದ್ರೆ ಬೈಕೊಂಡಾದ್ರೂ ಮಾತಾಡ್ತಿದ್ದ ನನ್ಮಗ.” ಟವೆಲಿನಲ್ಲಿ ಮುಖ ಒರೆಸಿಕೊಂಡ. “ಆ ಯಶೋದಮ್ಮಂಗೆ ಯಾವಾಗ ಹೇಳ್ತೀಯ?”

“ಹೇಳಿಬಂದೆ. ಬೆಳಗ್ಗೆ ಅಲ್ಲಿಗೇ ಹೋಗಿದ್ದೆ.”

“ಏನಂದ್ಲು?”

“ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ಲು.”

“ಸರಿಯಾಗೇ ಮಾಡಿದ್ಲು.”

ನಾನು ಕ್ಷಮಿಸು ಎನ್ನಲು ಬಾಯಿ ತೆರೆದೆ. ಅವನು ಕೈಯೆತ್ತಿ ತಡೆದ. “ಅದೆಲ್ಲ ಬೇಡ. ನನ್ ಹತ್ರ ಇಲ್ಲ ಅದು.” ಮೂಲೆಗೆ ಹೋಗಿ, ಹಣ್ಣಿನ ಕೆಳಗೆ ಹಾಸಲು ಹುಲ್ಲು ತುಂಬಿಟ್ಟಿದ್ದ ಗೋಣಿಚೀಲವನ್ನು ದರದರ ಎಳೆದು ತಂದು ನನ್ನ ಕಾಲ ಬಳಿ ಒಗೆದ. ಧೂಳು ಎದ್ದಿತು.

“ತೋರ್ಸು.”

“ಏನು?”

“ಹೆಂಗ್ ಒತ್ತೋದು ಅಂತ. ಟ್ರೈನಿಂಗ್ ದಿನದ ತನಕ ಕಾಯಲ್ಲ ನಾನು. ನಾಳೆ ಇಲ್ಲಿ ಯಾರ್ ಬೀಳ್ತಾರೋ ಯಾರಿಗ್ ಗೊತ್ತು?”

ಅವನು ಚೀಲದ ಮುಂದೆ ಕೂತು ಎರಡೂ ಅಂಗೈಯನ್ನು ಅದರ ಮೇಲಿಟ್ಟ. ಒತ್ತಿದ. ಸಿಟ್ಟಿಗೆ ಒತ್ತಿದ, ಚೀಲ ಪಕ್ಕಕ್ಕೆ ಜಾರಿತು. ಎಳೆದುಕೊಂಡು ಮತ್ತೆ ಒತ್ತಿದ.

“ಒಂದು ಕೈ ಮೇಲೆ ಇನ್ನೊಂದು ಇಡು,” ನಿಂತಲ್ಲಿಂದಲೇ ಹೇಳಿದೆ. “ಮೊಣಕೈ ಬಗ್ಗಿಸ್ಬೇಡ. ಭುಜದಿಂದ ಬರ್ಲಿ ಬಲ. ಒತ್ತಿ, ಪೂರ್ತಿ ಬಿಡು, ಮತ್ತೆ ಒತ್ತು...”

ಅವನು ನಿಲ್ಲಿಸಿ ತಲೆಯೆತ್ತಿ ನೋಡಿದ.

“ಅವತ್ತೂ ಹಿಂಗೇ ನಿಂತ್ಕೊಂಡೇ ಹೇಳಿದ್ದೆ ನೀನು,” ಅಂದ. “ಕೂತ್ಕೋ ಕೆಳಗೆ.”

ಗೇಟಿನ ಹತ್ತಿರ ಹಮಾಲಿಗಳು ನಿಂತು ನೋಡುತ್ತಿದ್ದರು. ನಾನು ಪಂಚೆಯನ್ನು ಎತ್ತಿ ಕಟ್ಟಿ, ಅವನ ಎದುರಿಗೆ, ಮಾವಿನ ಎಲೆಯೂ ಹುಲ್ಲೂ ಚೆಲ್ಲಿದ್ದ ಆ ಸಿಮೆಂಟಿನ ನೆಲದ ಮೇಲೆ ಮೊಣಕಾಲೂರಿದೆ.